ಒತ್ತಕ್ಷರಗಳು ಎಲ್ಲಿ ಹೋದವು

ಕಳೆದ ಮಳೆಗಾಲದಲ್ಲಿ ಮುಂಬಯಿಯ ನಮ್ಮ ಹವ್ಯಾಸಿ ನಾಟಕ ಬಳಗವು ರಂಗಸ್ಥಳವನ್ನು ಬಿಟ್ಟು ಧ್ವನಿನಾಟಕಕ್ಕೆ ಇಳಿಯಿತು. ಅದಕ್ಕೆ ಯಾವ ಕಲಾತತ್ತ್ವವೂ ಕಾರಣವಲ್ಲ. ಸಭಾಗೃಹದ ಬಾಡಿಗೆ ನಮ್ಮ ಕೈಗೆ ಎಟುಕದಷ್ಟು ಏರಿತ್ತು. ಅದಕ್ಕಿಂತ ಮುಖ್ಯವಾಗಿ, ನಮ್ಮ ಮಾಸ್ತರಿಗೆ ಒಂದು ಗಂಟೆ ನಿಂತು ಅಭಿನಯಿಸುವ ತ್ರಾಣ ಉಳಿದಿರಲಿಲ್ಲ. ಮಾಸ್ತರರಿಲ್ಲದ ನಾಟಕವನ್ನು ಬಳಗದಲ್ಲಿ ಯಾರೂ ಊಹಿಸಲಾರರು. ಧಾರವಾಡದ ಕಡೆಯಿಂದ ತರುಣರಾಗಿ ಈ ನಗರಕ್ಕೆ ಬಂದು, ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೆ ಕಲಿಸಿ, ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ಅವರಿಗೆ 78 ವರ್ಷ. ಎರಡು ವರ್ಷಗಳಿಂದ ಕೈ ನಡುಗುತ್ತಿತ್ತು. ಕಳೆದ ವರ್ಷದಿಂದ ದನಿಯೂ ನಡುಗತೊಡಗಿದೆ.

ಆರಿಸಿಕೊಂಡ ವಸ್ತು ಮಹಾಭಾರತದ ಸ್ತ್ರೀಪರ್ವದ್ದು. ಯುದ್ಧ ಮುಗಿದ ಮೇಲೆ ಪಾಂಡವರು ಧೃತರಾಷ್ಟ್ರನನ್ನು ಕಾಣಲು ಬರುತ್ತಾರೆ. ಭೀಮನನ್ನು ಅಪ್ಪಿಕೊಳ್ಳಲು ಆತ ತೋಳು ಚಾಚುತ್ತಾನೆ. ಆ ಅಪ್ಪುಗೆಯ ಹಿಂದಿರುವುದನ್ನು ಬಲ್ಲ ಕೃಷ್ಣ ಭೀಮನನ್ನು ಸರಿಸಿ ಕಬ್ಬಿಣದ ಪ್ರತಿಮೆಯನ್ನು ಮುಂದಿಡುತ್ತಾನೆ. ಕುರುಡ ಮುದುಕ ಅದನ್ನು ಪುಡಿಗಟ್ಟುತ್ತಾನೆ. ಕೋಪ ಇಳಿದ ಮರುಕ್ಷಣವೇ ಭೀಮ ಸತ್ತನೆಂದು ಅಳತೊಡಗುತ್ತಾನೆ. ಬಳಗದ ಒಬ್ಬರು ಇದನ್ನು ಇಪ್ಪತ್ತು ನಿಮಿಷದ ಸ್ವಗತವಾಗಿ ಬರೆದುಕೊಟ್ಟರು. ಧ್ವನಿಯ ಕೆಲಸ ನಮ್ಮ ಪಾಲಿಗೆ ಬಂತು. ನಾವೆಂದರೆ ಗಂಡ ಹೆಂಡತಿ ಇಬ್ಬರು: ಒಬ್ಬರು ಹಗಲೆಲ್ಲ ಸರಕಾರಿ ಕಡತಗಳಲ್ಲಿ ಇರುವವರು, ಇನ್ನೊಬ್ಬರು ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಕಂಪ್ಯೂಟರಿನಲ್ಲಿ ಹಾಡು ಮುದ್ರಿಸುವ ಗೀಳು ಇಬ್ಬರಿಗೂ ಸಮಾನವಾಗಿ ಹತ್ತಿದೆ.

ಅಂಟಾಪ್ ಹಿಲ್‌ನ ನಮ್ಮ ಸರಕಾರಿ ವಸತಿಯ ಒಳಕೋಣೆಯಲ್ಲಿ ಕಪಾಟಿನ ಬಾಗಿಲು ತೆರೆದು, ಎರಡೂ ಕಡೆ ರಜಾಯಿ ಇಳಿಬಿಟ್ಟು, ನಡುವೆ ಕುರ್ಚಿ ಹಾಕಿ ಮಾಸ್ತರರನ್ನು ಕೂಡಿಸಿದೆವು. ಫ್ಯಾನು ನಿಲ್ಲಿಸಬೇಕು, ಫ್ರಿಜ್ಜಿನ ಪ್ಲಗ್ಗು ಕೀಳಬೇಕು, ಮಳೆ ನಿಲ್ಲುವವರೆಗೆ ಕಾಯಬೇಕು. ಎರಡು ರಾತ್ರಿ ಹಿಡಿಯಿತು. ಮಾಸ್ತರರು ಬೆವರು ಒರೆಸಿಕೊಳ್ಳುತ್ತ, ಹಾಳೆಯನ್ನು ನೋಡದೆ, ಇಪ್ಪತ್ತು ನಿಮಿಷವನ್ನು ನಾಲ್ಕು ಸಲ ಹೇಳಿದರು. ಆ ನಾಲ್ಕೂ ಒಂದಕ್ಕಿಂತ ಒಂದು ಬೇರೆ.

ಮೂರನೆಯ ದಿನ ಅವರಿಂದ ದೂರವಾಣಿ ಬಂತು. ಊಟ ಆಯಿತೇ, ಮಳೆ ಹೇಗಿದೆ ಎಂಬ ಮಾತೆಲ್ಲ ಮುಗಿದ ಮೇಲೆ, ಇಡುವ ಮುನ್ನ, ದನಿ ತಗ್ಗಿಸಿ ಕೇಳಿದರು: “ಈ ನಡಗೂದು ಅದಲ್ಲರೀ, ಅದನ್ನೊಂದಿಷ್ಟು ಮುಚ್ಚಾಕ ಬರತದೇನು, ನಿಮ್ಮ ಮಶಿನಿನ್ಯಾಗ?”

ಬರುತ್ತದೆ ಎಂದೆವು. ಅವರು ನಮ್ಮಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಧ್ವನಿಮುದ್ರಣಕ್ಕೆ ನಾವು ಬಳಸುವುದು ರೀಪರ್ ಎಂಬ ತಂತ್ರಾಂಶವನ್ನು. ಅದರಲ್ಲಿ ಪ್ರತಿಯೊಂದು ಟ್ರ್ಯಾಕಿಗೂ ಎಫೆಕ್ಟುಗಳ ಒಂದು ಸಾಲು ಇರುತ್ತದೆ; ದನಿ ಒಂದು ತುದಿಯಿಂದ ಹೊಕ್ಕು, ಒಂದೊಂದು ಎಫೆಕ್ಟಿನಲ್ಲೂ ಬದಲಾಗುತ್ತ, ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಮೊದಲಿಗೆ ಎಲ್ಲರೂ ಮಾಡುವುದನ್ನೇ ಮಾಡಿದೆವು: ಅರಮನೆಯ ಭಾವ ಬರಲೆಂದು ರಿವರ್ಬ್, ಗಾಂಭೀರ್ಯಕ್ಕೆಂದು ಕೆಳದನಿಗಳ ಎತ್ತರಿಕೆ. ಹತ್ತು ನಿಮಿಷದಲ್ಲಿ ಬೇಸರ ಬಂತು. ಆ ರಿವರ್ಬಿಗೆ ಮುದುಕ ಏನು ಹೇಳುತ್ತಿದ್ದಾನೆಂಬ ಪರಿವೆಯೇ ಇಲ್ಲ. ‘ಬಾ ಮಗನೇ’ ಎಂಬುದಕ್ಕೂ ‘ನನ್ನ ನೂರು ಮಕ್ಕಳೆಲ್ಲಿ’ ಎಂಬುದಕ್ಕೂ ಅದೇ ಗೋಡೆ, ಅದೇ ಮಾರ್ದನಿ. ಪೌರಾಣಿಕ ಧಾರಾವಾಹಿಗಳಲ್ಲಿ ಎಲ್ಲ ದೇವತೆಗಳೂ ಒಂದೇ ಬಾವಿಯಲ್ಲಿ ಕುಳಿತು ಮಾತಾಡಿದಂತೆ ಕೇಳುವುದು ಇದರಿಂದಲೇ ಇರಬೇಕು. ಬೇಕಾದಂತೆ ಅಲ್ಲಲ್ಲಿ ಏರಿಸಿ ಇಳಿಸುವ ಗೆರೆಗಳನ್ನು ಕೈಯಿಂದ ಎಳೆಯಬಹುದು, ನಿಜ. ಇಪ್ಪತ್ತು ನಿಮಿಷದ ಮಾತಿಗೆ ಹಾಗೆ ಗೆರೆ ಎಳೆಯುತ್ತ ಕುಳಿತರೆ ದೀಪಾವಳಿ ಬರುತ್ತದೆ. ಮೇಲಾಗಿ ಆ ಗೆರೆ ನಮ್ಮದಾಗಿರುತ್ತದೆ, ಮಾಸ್ತರರದಲ್ಲ.

ನಮಗೆ ಬೇಕಾಗಿದ್ದುದು ದನಿಯೇ ತನ್ನ ಮೇಲಾಗುವುದನ್ನು ನಿರ್ಧರಿಸುವ ವ್ಯವಸ್ಥೆ. ಅದು ಮಾಡ್ಯುಲರ್ ಸಿಂಥಸೈಜರುಗಳಲ್ಲಿ ಅರುವತ್ತು ವರ್ಷಗಳಿಂದ ಇದೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆಬೇರೆಯಾಗಿ, ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಇಂಥ ಯಂತ್ರಗಳನ್ನು ಕಟ್ಟಿದರು. ನಾದ ಹುಟ್ಟಿಸುವುದು ಒಂದು ಪೆಟ್ಟಿಗೆ, ಸೋಸುವುದು ಇನ್ನೊಂದು, ಏರಿಸಿ ಇಳಿಸುವುದು ಮತ್ತೊಂದು. ಇವುಗಳನ್ನು ಹೇಗೆ ಜೋಡಿಸಬೇಕೆಂಬುದು ಕೇಬಲ್ ಹಿಡಿದವನ ಇಷ್ಟ. ಇದರ ಮುಖ್ಯ ಗುಟ್ಟು ಇಷ್ಟೇ: ಅಲ್ಲಿ ನಾದವೂ ವೋಲ್ಟೇಜು, ನಾಬನ್ನು ತಿರುಗಿಸುವ ಆಜ್ಞೆಯೂ ವೋಲ್ಟೇಜು. ಎರಡೂ ಒಂದೇ ಜಾತಿಯ ಕೇಬಲಿನಲ್ಲಿ ಹರಿಯುತ್ತವೆ. ಆದ್ದರಿಂದ ಈಗ ನಾದವಾಗಿದ್ದುದು ಮರುಗಳಿಗೆಯಲ್ಲಿ ಇನ್ನೊಂದು ನಾದಕ್ಕೆ ಆಜ್ಞೆ ಕೊಡಬಲ್ಲದು.

ನಮ್ಮ ದೇಶಕ್ಕೆ ಇದು ಹೊಸತೆಂದು ನಾವು ತಿಳಿದಿದ್ದೆವು. ಹಾಗಲ್ಲ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಯಂತ್ರವನ್ನಿರಿಸಿ ಸ್ಟುಡಿಯೋ ಒಂದನ್ನು ಸಜ್ಜುಗೊಳಿಸಲು ನೆರವಾದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಳ ಕಾಲ ಉಳಿದವು. ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದರು ಅವನ್ನು ಹುಡುಕಿ ತೆಗೆದ ಫಲವಾಗಿ 2023ರಲ್ಲಿ ಆಯ್ದ ಭಾಗಗಳು ಆಲ್ಬಮ್ಮಾಗಿ ಬಂದವು. ಇಲ್ಲಿಂದ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ, ನಾವು ಹುಟ್ಟುವ ಮುನ್ನವೇ, ಜನ ಕೇಬಲ್ ಹಿಡಿದು ಕುಳಿತಿದ್ದರು ಎಂಬುದನ್ನು ತಿಳಿದಾಗ ನಮಗೆ ವಿಚಿತ್ರವಾದ ಧೈರ್ಯ ಬಂತು.

ನಿಜವಾದ ಯಂತ್ರಗಳನ್ನು ಕೊಳ್ಳುವುದು ನಮ್ಮ ಸಂಬಳದ ಮಾತಲ್ಲ. ಆದರೆ 2017ರಲ್ಲಿ ಆಂಡ್ರೂ ಬೆಲ್ಟ್ ಎಂಬವರು ವಿಸಿವಿ ರ‍್ಯಾಕ್ ಎಂಬ ತಂತ್ರಾಂಶವನ್ನು ಹೊರತಂದರು. ಪೆಟ್ಟಿಗೆಗಳು, ನಾಬುಗಳು, ಜೋತುಬೀಳುವ ಬಣ್ಣದ ಕೇಬಲುಗಳು ಎಲ್ಲವೂ ಪರದೆಯ ಮೇಲೆ. ಅದರ ಉಚಿತ ಆವೃತ್ತಿ ಸ್ವತಂತ್ರವಾಗಿ ಮಾತ್ರ ನಡೆಯುತ್ತದೆ. ರೀಪರಿನಂಥದರೊಳಗೆ ಪ್ಲಗಿನ್ನಾಗಿ ಕೂಡಿಸಬೇಕಾದರೆ ಹಣ ತೆರಬೇಕು. ಅದರದೇ ಮುಕ್ತ ಸಂಕೇತದಿಂದ ಹುಟ್ಟಿದ ಕಾರ್ಡಿನಲ್ ಎಂಬ ಪ್ಲಗಿನ್ ಪೂರ್ತಿ ಉಚಿತ. ಹೊರಗಿನಿಂದ ಹೊಸ ಮಾಡ್ಯೂಲು ಸೇರಿಸಲು ಬಿಡುವುದಿಲ್ಲವೆಂಬ ಒಂದು ಕೊರತೆ. ಒಳಗಿರುವುವೇ ನಮ್ಮ ಆಯುಷ್ಯಕ್ಕೆ ಸಾಕು. ಅದರಲ್ಲಿ ಎಫೆಕ್ಟಿಗೆಂದೇ ಮೀಸಲಾದ ಕಾರ್ಡಿನಲ್ ಎಫ್‌ಎಕ್ಸ್ ಎಂಬ ರೂಪವಿದೆ. ಮಾಸ್ತರರ ಟ್ರ್ಯಾಕಿನ ಮೇಲೆ ಅದನ್ನೇ ಕೂಡಿಸಿದೆವು.

ತೆರೆದರೆ ಕಾಣುವುದು ಬಹುತೇಕ ಖಾಲಿ ಹಲಗೆ. ಅದರಲ್ಲಿ ಹೋಸ್ಟ್ ಆಡಿಯೊ ಎಂಬ ಒಂದು ಮಾಡ್ಯೂಲು. ರೀಪರಿನಿಂದ ದನಿ ಹೊರಬರುವ ಎರಡು ತೂತುಗಳು, ದನಿಯನ್ನು ಹಿಂದಿರುಗಿಸುವ ಎರಡು ತೂತುಗಳು. ಆ ಎರಡರ ನಡುವೆ ಏನಾಗಬೇಕೆಂಬುದು ನಮ್ಮ ಹೊಣೆ. ಏನೂ ಮಾಡದೆ ನೇರ ಕೇಬಲ್ ಹಾಕಿದರೆ ಬಂದ ದನಿ ಬಂದಂತೆಯೇ ಹೋಗುತ್ತದೆ. ಮೊದಲ ದಿನ ನಾವು ಅಷ್ಟನ್ನೇ ಮಾಡಿ, ಮಾಸ್ತರರ ದನಿ ಕೇಬಲಿನಲ್ಲಿ ಹಾದು ಬಂದುದನ್ನು ಕೇಳಿ, ಚಹಾ ಕುಡಿದು ಮಲಗಿದೆವು.

ಎರಡನೆಯ ದಿನ ಕಬ್ಬಿಣ ಸಿಕ್ಕಿತು. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಸಂಸ್ಥೆಯ ಎಮಿಲಿ ಜಿಲ್ಲೆ ವಿನ್ಯಾಸಗೊಳಿಸಿದ ರಿಂಗ್ಸ್ ಎಂಬ ಯಂತ್ರವೊಂದಿದೆ. ಅವರು ಅದರ ಸಂಕೇತವನ್ನು ಮುಕ್ತವಾಗಿ ಬಿಟ್ಟಿದ್ದರಿಂದ ಇಲ್ಲಿ ಅದು ‘ರೆಸೊನೇಟರ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ತಾನಾಗಿ ಅದು ಮೌನಿ. ಹೊರಗಿನ ಯಾವುದಾದರೂ ಸದ್ದನ್ನು ಒಳಗೆ ಬಿಟ್ಟರೆ, ಆ ಸದ್ದು ಒಂದು ಲೋಹದ ತಟ್ಟೆಗೋ ತಂತಿಗೋ ತಾಗಿದಂತೆ ಅನುರಣಿಸುತ್ತದೆ. ಸಿತಾರಿನ ತರಬ್ ತಂತಿಗಳು ಯಾರೂ ಮುಟ್ಟದೆ ಮಿಡಿಯುವುದಿಲ್ಲವೇ, ಹಾಗೆ. ಎಂ.ಎ. ತರಗತಿಯಲ್ಲಿ ಕೋಲ್‌ರಿಜ್‌ನ ‘ದಿ ಈಯೋಲಿಯನ್ ಹಾರ್ಪ್’ ಓದುವಾಗ ಕಿಟಕಿಯಲ್ಲಿಟ್ಟ ವೀಣೆಯನ್ನು ಗಾಳಿ ನುಡಿಸುವುದೆಂದರೇನೆಂದು ಪರೀಕ್ಷೆಗೆ ಬೇಕಾದಷ್ಟೇ ಅರ್ಥವಾಗಿತ್ತು. ಇಪ್ಪತ್ತು ವರ್ಷ ಕಳೆದು, ಮಾಸ್ತರರ ‘ಬಾ’ ಎಂಬ ಒಂದಕ್ಷರ ಆ ಮಾಡ್ಯೂಲನ್ನು ಹೊಕ್ಕು ಹಳೆಯ ಕೊಪ್ಪರಿಗೆಯ ಅಂಚಿಗೆ ಬಡಿದಂತೆ ‘ಗಂಯ್’ ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಟ್ರಕ್ಚರ್ ಎಂಬ ನಾಬು ಲೋಹದ ಸ್ವಭಾವವನ್ನು ಬದಲಿಸುತ್ತದೆ. ಬ್ರೈಟ್‌ನೆಸ್ ಅದರ ಹೊಳಪನ್ನು. ಡ್ಯಾಂಪಿಂಗ್ ಅದು ಎಷ್ಟು ಹೊತ್ತು ಗುಂಯ್ಗುಡಬೇಕೆಂಬುದನ್ನು. ಮುದುಕನ ತೋಳಿನಲ್ಲಿರುವ ಪ್ರತಿಮೆ ಮಾತಿಗೆ ಮಾತು ಕೊಡುತ್ತಿತ್ತು.

ಆದರೆ ಇದೂ ರಿವರ್ಬಿನ ತಮ್ಮನೇ ಆಗಬಾರದಲ್ಲ. ಕೋಪ ಏರಿದಂತೆ ಕಬ್ಬಿಣ ಹೊಳೆಯಬೇಕು, ಅಳು ಬಂದಾಗ ಮಂಕಾಗಬೇಕು. ಅದಕ್ಕೆ ಬೇಕಾದುದು ಎನ್ವಲಪ್ ಫಾಲೋವರ್. ಬೊಗಾಡಿಯೊ ಎಂಬ ಮಾಡ್ಯೂಲು ಸಂಗ್ರಹದಲ್ಲಿ ‘ಫಾಲೋ’ ಎಂಬ ಸಣ್ಣ ಪಟ್ಟಿಯಾಗಿ ಅದು ಇದೆ. ದನಿಯ ಅಲೆ ಸೆಕೆಂಡಿಗೆ ನೂರಾರು ಸಲ ಮೇಲೆ ಕೆಳಗೆ ಆಡುತ್ತದೆ. ಈ ಮಾಡ್ಯೂಲು ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿ, ಉಳಿದುದನ್ನು ಸವರಿ ನಯಗೊಳಿಸಿ, ‘ಈಗ ದನಿ ಎಷ್ಟು ಜೋರಾಗಿದೆ’ ಎಂಬುದನ್ನಷ್ಟೇ ಹೇಳುವ ನಿಧಾನದ ವೋಲ್ಟೇಜನ್ನು ಕೊಡುತ್ತದೆ. ಆ ವೋಲ್ಟೇಜನ್ನು ರೆಸೊನೇಟರಿನ ಬ್ರೈಟ್‌ನೆಸ್‌ಗೆ ಕೇಬಲಿನಿಂದ ಕೂಡಿಸಿದೆವು. ಆ ಕ್ಷಣದಿಂದ ಆ ನಾಬು ನಮ್ಮ ಕೈಯಲ್ಲಿರಲಿಲ್ಲ. ಮಾಸ್ತರರು ಗರ್ಜಿಸಿದರೆ ಕಬ್ಬಿಣ ಕೆಂಡದಂತೆ ಬೆಳಗುತ್ತದೆ, ಅವರು ಪಿಸುನುಡಿದರೆ ತಣ್ಣಗಾಗುತ್ತದೆ. ನಾಲ್ಕು ಸಲದ ನಾಲ್ಕು ಧ್ವನಿಗ್ರಹಣಗಳಲ್ಲೂ ಕಬ್ಬಿಣ ಬೇರೆಬೇರೆಯಾಗಿ ವರ್ತಿಸಿತು, ಏಕೆಂದರೆ ಮಾಸ್ತರರು ಬೇರೆಬೇರೆಯಾಗಿ ಹೇಳಿದ್ದರು.

ಇಲ್ಲೊಂದು ಸಣ್ಣ ಅಡ್ಡಮಾತು. ಕಬ್ಬಿಣದ ದನಿಯನ್ನೇ ಮತ್ತೆ ಒಳಗೆ ತಿರುಗಿಸಿದರೆ ಏನಾಗುತ್ತದೆಂಬ ಚಪಲವೂ ನಮಗಾಯಿತು. ಈ ತಂತ್ರಾಂಶದಲ್ಲಿ ಹೀಗೆ ಮರಳುವ ದನಿ ಕನಿಷ್ಠ ಒಂದು ಸ್ಯಾಂಪಲ್‌ನಷ್ಟು, ಎಂದರೆ ಸೆಕೆಂಡಿನ 48,000ದ ಒಂದು ಪಾಲಿನಷ್ಟು, ತಡಮಾಡುತ್ತದೆ. ಹಾಗಾಗಿ ಹೊರಟಲ್ಲಿಗೇ ಮರಳುವ ಸುತ್ತುಗಳನ್ನು ನಿರಾತಂಕವಾಗಿ ಹೂಡಬಹುದು. ನಮ್ಮ ಕಚೇರಿಯ ಕಡತಗಳೂ ಹೀಗೆಯೇ ಹೊರಟ ಮೇಜಿಗೇ ಮರಳುವುದುಂಟು. ಆದರೆ ಅಲ್ಲಿನ ತಡ ಇಷ್ಟು ಅಲ್ಪವಲ್ಲ, ಮತ್ತು ಪ್ರತಿ ಸುತ್ತಿಗೂ ದನಿ ಏರುವ ಬದಲು ಕ್ಷೀಣಿಸುತ್ತದೆ. ಇಲ್ಲಿ ಏರಿತು. ರೀಪರಿನಲ್ಲಿ ನಿಲ್ಲಿಸುವ ಕೀಲಿ ಒತ್ತಿದರೂ ಎಫೆಕ್ಟುಗಳು ನಡೆಯುತ್ತಲೇ ಇರುತ್ತವೆಂಬುದು ನಮಗೆ ಆ ರಾತ್ರಿಯವರೆಗೆ ಗೊತ್ತಿರಲಿಲ್ಲ. ಕಬ್ಬಿಣದ ಭೀಮ ತಾನೇ ತಾನಾಗಿ ಅರಚುತ್ತಿದ್ದ. ಮೇಲಿನ ಮನೆಯವರು ನೆಲ ಕುಟ್ಟಿದರು.

ಇನ್ನು ನಡುಕದ ಮಾತು. ಫಾಲೋ ಮಾಡ್ಯೂಲಿಗೆ ಒಂದು ಸ್ಕೋಪನ್ನು ಕೂಡಿಸಿದರೆ ಆ ವೋಲ್ಟೇಜು ಗೆರೆಯಾಗಿ ಕಾಣಿಸುತ್ತದೆ. ಸವರಿಕೆಯನ್ನು ಹೆಚ್ಚಿಗೆ ಇಟ್ಟಾಗ ಗೆರೆ ಗುಡ್ಡಗಳ ಸಾಲಿನಂತೆ ಹಾಯಾಗಿ ಏರಿಳಿಯುತ್ತಿತ್ತು. ಒಂದು ವಾಕ್ಯಕ್ಕೆ ಒಂದು ಗುಡ್ಡ. ಸವರಿಕೆಯನ್ನು ಕಡಿಮೆ ಮಾಡುತ್ತ ಬಂದಂತೆ, ‘ಭೀಮಾ’ ಎಂದು ಅವರು ನೀಳವಾಗಿ ಕರೆಯುವಲ್ಲಿ, ಗುಡ್ಡದ ಬೆನ್ನ ಮೇಲೆ ಸಣ್ಣ ಹಲ್ಲುಗಳು ಮೂಡಿದವು. ಎಣಿಸಿದೆವು: ಸೆಕೆಂಡಿಗೆ ಐದು, ಕೆಲವು ಕಡೆ ಆರು. ಒಂದಕ್ಕೊಂದು ಸಮವಾಗಿ, ಗರಗಸದಂತೆ. ಕಿವಿಗೆ ‘ವಯಸ್ಸಾಯಿತು’ ಎಂದಷ್ಟೇ ಕೇಳುತ್ತಿದ್ದುದು ಅಲ್ಲಿ ಅಳತೆಯಾಗಿ ಕಾಣುತ್ತಿತ್ತು. ಆ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಯಾರೂ ಮಾತಾಡಲಿಲ್ಲ.

ಅದನ್ನು ಮರೆಮಾಚುವ ಉಪಾಯ ಬಹು ಸುಲಭ. ಬೆಫಾಕೊ ಸಂಗ್ರಹದಲ್ಲಿ ಅಟೆನ್ಯುವರ್ಟರ್ ಎಂಬ ಮಾಡ್ಯೂಲಿದೆ. ಅದರ ನಾಬು ನಡುಗೆರೆಯಲ್ಲಿದ್ದರೆ ವೋಲ್ಟೇಜು ಸೊನ್ನೆ. ಬಲಕ್ಕೆ ತಿರುಗಿಸಿದರೆ ಬಂದದ್ದು ಬಂದಂತೆ ಹೊರಡುತ್ತದೆ, ಎಡಕ್ಕೆ ತಿರುಗಿಸಿದರೆ ತಲೆಕೆಳಗಾಗಿ ಹೊರಡುತ್ತದೆ. ನಾವು ಎಡಕ್ಕೆ ತಿರುಗಿಸಿ, ಪಕ್ಕದ ನಾಬಿನಿಂದ ಒಂದಿಷ್ಟು ಸ್ಥಿರ ವೋಲ್ಟೇಜು ಕೂಡಿಸಿ, ಅದನ್ನು ದನಿಯ ಮಟ್ಟವನ್ನು ಆಳುವ ವಿಸಿಎಗೆ ಕೊಟ್ಟೆವು. ದನಿ ಕುಸಿದಾಗ ವಿಸಿಎ ಅದನ್ನು ಎತ್ತುತ್ತದೆ, ದನಿ ಎದ್ದಾಗ ಒತ್ತುತ್ತದೆ. ಗರಗಸದ ಹಲ್ಲುಗಳು ಸವೆದವು. ಸ್ವರದ ಎತ್ತರದಲ್ಲೂ ಇದ್ದ ಅಲುಗನ್ನು ಮುಚ್ಚಲು ಟೆಕ್ಸ್ಚರ್ ಸಿಂಥಸೈಜರ್ ಎಂಬ ಇನ್ನೊಂದು ಮಾಡ್ಯೂಲಿನಿಂದ, ಅದೇ ದನಿಯ ಚೂರುಗಳನ್ನು ನುಚ್ಚಿನಂತೆ ಉದುರಿಸಿ, ತೆಳುವಾಗಿ ಮೇಲೆ ಹೊದಿಸಿದೆವು. ಎರಡು ವಾರದ ರಾತ್ರಿಗಳ ಕೆಲಸ. ಹಳೆಯ ಲ್ಯಾಪ್‌ಟಾಪು ಅಷ್ಟನ್ನು ಹೊರಲಾರದೆ ಚಟಪಟಗುಟ್ಟುತ್ತಿತ್ತು. ಕೊನೆಗೆ ಬಂದ ದನಿ ಐವತ್ತು ವರ್ಷದವರದಿರಬಹುದಾಗಿತ್ತು. ನಾವು ಹೆಮ್ಮೆಪಟ್ಟೆವು, ಅದನ್ನು ಮುಚ್ಚಿಡುವುದೇಕೆ.

ಮಾಸ್ತರರು ಒಂದು ಭಾನುವಾರ ಮಗನ ಜೊತೆ ಲೋಕಲ್ಲಿನಲ್ಲಿ ಬಂದರು. ಹೆಡ್‌ಫೋನು ಕೊಟ್ಟೆವು. ಕೇಳುತ್ತ ಕುಳಿತರು, ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಕಬ್ಬಿಣ ನುಗ್ಗಾಗುವ ಭಾಗ ಬಂದಾಗ ಹುಬ್ಬು ಮೇಲೇರಿತು, ತಲೆದೂಗಿದರು. ಮುಗಿದ ಮೇಲೆ ಹೆಡ್‌ಫೋನು ಇಳಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಛಲೋ ಅದ. ಕಬ್ಬಣ ಭಾಳ ಛಲೋ ಅದ.”

ಮತ್ತೆ ಮೌನ.

“ಆದ್ರ ಒತ್ತಕ್ಷರ ಎಲ್ಲಿ ಹೋದ್ವುರೀ?”

ನಮಗೆ ಅರ್ಥವಾಗಲಿಲ್ಲ. ಅವರು ಒಂದು ಕಡೆ ತೋರಿಸಿ ಮತ್ತೆ ಹಾಕಿಸಿದರು. ‘ಮುಟ್ಟಿದೆ’, ‘ಕಟ್ಟಿಕೊಂಡೆ’, ‘ನುಚ್ಚುನೂರಾಗು’ ಎಂದು ಒಂದರ ಮೇಲೊಂದು ಹೇರುವ ಭಾಗ ಅದು. ಸ್ಪೀಕರಿನಲ್ಲಿ ಕೇಳಿದೆವು. ಅಕ್ಷರ ಎಲ್ಲವೂ ಇದ್ದವು, ಪೆಟ್ಟು ಇರಲಿಲ್ಲ. ‘ಟ್ಟ’ ಎಂಬಲ್ಲಿ ನಾಲಿಗೆ ತಡೆದು ನಿಲ್ಲುವ ಆ ಒಂದು ಕ್ಷಣದ ಮೌನವನ್ನು ವಿಸಿಎ ಹಳ್ಳವೆಂದು ತಿಳಿದು ತುಂಬಿತ್ತು. ತಡೆ ಒಡೆದು ದನಿ ಚಿಮ್ಮುವುದನ್ನು ದಿಬ್ಬವೆಂದು ತಿಳಿದು ತಗ್ಗಿಸಿತ್ತು. ಉಳಿದದ್ದನ್ನು ನುಚ್ಚು ಮುಚ್ಚಿತ್ತು.

“ನಲವತ್ತ ವರ್ಷ ಹುಡುಗರಿಗೆ ಒತ್ತಿ ಹೇಳ್ರೋ, ಒತ್ತಿ ಹೇಳ್ರೋ ಅಂತ ಬಡಕೊಂಡೀನಿ. ಮನ್ಯಾಗ ಮರಾಠಿ, ತಮಿಳು, ತುಳು ಮಾತಾಡೋ ಹುಡುಗರು. ಅವರ ಬಾಯಾಗ ಒತ್ತು ಕುಂದ್ರಸಿದ್ದು ಒಂದ ನನ್ನ ಗಳಿಕಿ. ನೀವು ನನ್ನ ಬಾಯಾಗಿಂದನ್ನ ಇಸ್ತ್ರಿ ಹೊಡದ್ರಲ್ಲ.”

ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಆಮೇಲೆ ಲೆಕ್ಕ ಹಾಕಿದಾಗ ತಪ್ಪು ಎಲ್ಲಿತ್ತೆಂದು ಗೊತ್ತಾಯಿತು. ಮಾತಿನ ಉಚ್ಚಾರಾಂಶಗಳೂ ಸೆಕೆಂಡಿಗೆ ನಾಲ್ಕೈದರ ಲೆಕ್ಕದಲ್ಲೇ ಏಳುತ್ತವೆ, ಬೀಳುತ್ತವೆ. ಅವರ ನಡುಕವೂ ಅದೇ ವೇಗದ್ದು. ಏರಿಳಿತವನ್ನಷ್ಟೇ ಅಳೆಯುವ ಮಾಡ್ಯೂಲಿಗೆ ಇದು ಕಾಯಿಲೆ, ಇದು ಕನ್ನಡ ಎಂಬ ಭೇದ ತಿಳಿಯದು. ನಡುಕವನ್ನು ಸವರುವ ವೇಗಕ್ಕೆ ನಾವು ಅದನ್ನು ಹೊಂದಿಸಿದಾಗಲೇ ಒತ್ತಕ್ಷರಗಳನ್ನೂ ಅದರ ಕೈಗೆ ಒಪ್ಪಿಸಿದ್ದೆವು.

ಎಲ್ಲ ಎಫೆಕ್ಟನ್ನೂ ತೆಗೆದು ಬರಿಯ ದನಿಯನ್ನು ಕೇಳಿಸಿರೆಂದು ಮಾಸ್ತರರು ಹೇಳಿದರು. ತಮ್ಮ ನಡುಗುವ ದನಿಯನ್ನು ಅವರು ಅಷ್ಟು ಸ್ಪಷ್ಟವಾಗಿ ಅದಕ್ಕೆ ಮುಂಚೆ ಕೇಳಿರಲಿಲ್ಲವೆಂದು ತೋರುತ್ತದೆ. ‘ಭೀಮಾ’ ಎಂಬಲ್ಲಿ ಮುಖ ಬಿಗಿಯಿತು. ಸ್ಕೋಪಿನ ಗೆರೆಯನ್ನು ನೋಡಿ ಅದೇನೆಂದು ಕೇಳಿದರು. ಹೇಳಬೇಕೋ ಬೇಡವೋ ಎಂದು ನಾವು ಹಿಂದೆಮುಂದೆ ನೋಡುತ್ತಿರುವಾಗ ಅವರೇ ತೊಡೆಯ ಮೇಲಿದ್ದ ತಮ್ಮ ಕೈಯನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡಿ, “ಎರಡೂ ಒಂದ ತಾಳಕ್ಕ ಹೊಂಟಾವ” ಎಂದರು.

ಏನು ಮಾಡೋಣ ಎಂದು ಕೇಳಿದೆವು.

“ಸಿಟ್ಟಿನ ಭಾಗದಾಗ ನನ್ನ ಮಾತು ಮುಟ್ಟಬ್ಯಾಡ್ರಿ. ನಡಗಲಿ. ಅಳೂ ಭಾಗ...” ಎಂದು ತಡೆದರು. “ಅಳೂ ಭಾಗ ನೀವ ನೋಡ್ರಿ. ಅಲ್ಲಿ ಬರೇ ನಾನ ನಡಗಿದ್ರ ಜನ ಮಾಸ್ತರಗ ಹಿಂಗಾತಲ್ಲಾ ಅಂತಾರ. ಧೃತರಾಷ್ಟ್ರಗ ಹಿಂಗಾತು ಅನ್ನಬೇಕು.”

ಅಲ್ಲಿಯವರೆಗೆ ನಮಗೆ ಯಾರೂ ಅಷ್ಟು ನಿಖರವಾದ ಕೆಲಸ ಹೇಳಿರಲಿಲ್ಲ. ಅವರು ಹೋದ ಮೇಲೆ ನಮ್ಮಲ್ಲಿ ವಾದ ಎದ್ದಿತು. ಒಬ್ಬರಿಗೆ ಅಳುವಿನ ಭಾಗವನ್ನೂ ಬರಿದಾಗಿಯೇ ಬಿಡಬೇಕೆಂಬ ಹಟ. ಇನ್ನೊಬ್ಬರಿಗೆ, ಅವರು ಕೇಳಿದ್ದು ಅದಲ್ಲ, ಬರಿದಾಗಿ ಬಿಡುವುದೂ ನಮ್ಮ ಇಷ್ಟವನ್ನು ಅವರ ಮೇಲೆ ಹೇರುವುದೇ ಎಂಬ ನಿಲುವು. ಎರಡು ದಿನ ಲ್ಯಾಪ್‌ಟಾಪು ತೆರೆಯಲಿಲ್ಲ.

ಮೂರನೆಯ ದಿನ ಹೊಳೆದದ್ದು ಇಷ್ಟು. ಎರಡು ಫಾಲೋ ಮಾಡ್ಯೂಲುಗಳನ್ನು ಇಟ್ಟೆವು. ಒಂದು ನಿಧಾನದ್ದು, ವಾಕ್ಯದ ಗುಡ್ಡವನ್ನು ಕಾಣುವುದು. ಇನ್ನೊಂದು ಚುರುಕಿನದು, ಗುಡ್ಡವನ್ನೂ ಹಲ್ಲುಗಳನ್ನೂ ಕಾಣುವುದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಹಲ್ಲುಗಳು ಮಾತ್ರ. ನೀಳವಾಗಿ ಎಳೆದ ಸ್ವರಗಳಲ್ಲಿ ಉಚ್ಚಾರಾಂಶದ ಪೆಟ್ಟುಗಳಿಲ್ಲ; ಅಲ್ಲಿ ಉಳಿದದ್ದು ಶುದ್ಧ ನಡುಕ. ಅಳುವಿನ ಭಾಗ ಬಹುಪಾಲು ಅಂಥ ಸ್ವರಗಳೇ. ಆ ನಡುಕದ ವೋಲ್ಟೇಜನ್ನು ಅದೇ ಅಟೆನ್ಯುವರ್ಟರಿಗೆ ಕೊಟ್ಟು, ಈ ಸಲ ನಾಬನ್ನು ಬಲಕ್ಕೆ ತಿರುಗಿಸಿ, ಕೇಬಲನ್ನು ವಿಸಿಎಯಿಂದ ಕಿತ್ತು ರೆಸೊನೇಟರಿಗೆ ಹಾಕಿದೆವು. ಮಾಸ್ತರರ ದನಿಯನ್ನು ಮುಟ್ಟಲೇ ಇಲ್ಲ. ಅವರು ‘ಭೀಮಾ’ ಎಂದು ನಡುಗಿದಾಗ, ಅವರ ತೋಳಿನಲ್ಲಿ ಮುರಿದುಬಿದ್ದ ಕಬ್ಬಿಣವೂ ಅದೇ ತಾಳದಲ್ಲಿ ನಡುಗಿತು. ಪ್ರತಿಮೆ ನಡುಗುತ್ತಿದೆಯೋ ಮುದುಕ ನಡುಗುತ್ತಿದ್ದಾನೋ ಹೇಳಲಾಗದಂತೆ.

ಅದನ್ನು ನಾವು ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಬರೆಯಬೇಕು. ಟೆಕ್ಸ್ಚರ್ ಮಾಡ್ಯೂಲಿನ ನುಚ್ಚನ್ನು ಹಿನ್ನೆಲೆಯಲ್ಲಿ ಅಲ್ಪ ಪ್ರಮಾಣದಲ್ಲಿ ಬಿಟ್ಟಿದ್ದೆವು. ಅದು ಚೂರುಗಳನ್ನು ಉದುರಿಸುವ ರೀತಿ ಪ್ರತಿ ಸಲವೂ ಬೇರೆ. ಆ ರಾತ್ರಿ ಒಂದೂಮುಕ್ಕಾಲಿಗೆ ಒಂದು ಸಲ, ಕೊನೆಯ ‘ಭೀಮಾ’ದ ಬಾಲಕ್ಕೆ, ನುಚ್ಚಿನಲ್ಲಿ ಅವರದೇ ಉಸಿರಿನ ಒಂದು ಚೂರು ತೇಲಿ ಬಂದು ಕಬ್ಬಿಣದೊಡನೆ ಆರಿತು. ಮೈ ಜುಮ್ಮೆಂದಿತು. ಪ್ರಾಜೆಕ್ಟನ್ನು ಸೇವ್ ಮಾಡಿ ಮಲಗಿದೆವು. ಬೆಳಿಗ್ಗೆ ತೆರೆದರೆ ಕೇಬಲುಗಳೆಲ್ಲ ಇದ್ದಲ್ಲೇ ಇದ್ದವು, ನಾಬುಗಳು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆ ಉಸಿರು ಮಾತ್ರ ಇರಲಿಲ್ಲ. ಮೂವತ್ತು ಸಲವಾದರೂ ನುಡಿಸಿದ್ದೇವೆ. ಬರಲಿಲ್ಲ. ಇಂಥ ಪ್ಯಾಚುಗಳನ್ನು ಎಫೆಕ್ಟಾಗಿ ಬಳಸುವವರಿಗೆ ಗೊತ್ತಿರಲೇಬೇಕಾದ ವಿಷಯ ಇದು: ಪ್ಯಾಚನ್ನು ಉಳಿಸುವುದು ಬೇರೆ, ಅದು ನುಡಿದುದನ್ನು ಉಳಿಸುವುದು ಬೇರೆ. ರೀಪರಿನಲ್ಲಿ ಎಫೆಕ್ಟನ್ನು ಆ ತುಣುಕಿನ ಮೇಲೆಯೇ ಹೊಸ ಟೇಕಾಗಿ ಅಚ್ಚೊತ್ತಿಡುವ ಅನುಕೂಲವಿದೆ. ಮೂಲ ಟೇಕು ಅದರ ಕೆಳಗೆ ಹಾಗೆಯೇ ಇರುತ್ತದೆ. ಅಂದಿನಿಂದ ಒಳ್ಳೆಯದು ಕೇಳಿಸಿದ ಕೂಡಲೇ ಅಚ್ಚೊತ್ತುತ್ತೇವೆ.

ಗಣೇಶ ಚೌತಿ ಕಳೆದ ಮೇಲೆ ಡೊಂಬಿವಲಿಯಲ್ಲಿ ಮಾಸ್ತರರ ಮಗನ ಮನೆಯಲ್ಲೇ ಬಳಗದ ಹದಿನಾಲ್ಕು ಮಂದಿ ಸೇರಿ ನಾಟಕವನ್ನು ಕೇಳಿದೆವು. ದೀಪ ಆರಿಸಿದ್ದರು. ಮಾಸ್ತರರು ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದರು. ‘ಮುಟ್ಟಿದೆ, ಕಟ್ಟಿಕೊಂಡೆ’ ಬಂದಾಗ ಕತ್ತಲೆಯಲ್ಲಿ ಅವರ ತುಟಿ ಅಲುಗುತ್ತಿದ್ದುದು ಕಂಡಿತು. ಮುಗಿದ ಮೇಲೆ ಯಾರೂ ತಕ್ಷಣ ಏಳಲಿಲ್ಲ. ಒಬ್ಬರು, ಕಬ್ಬಿಣದ ಸದ್ದಿಗೆ ನಿಜವಾದ ಜಾಗಟೆ ಬಳಸಿದಿರೇ ಎಂದು ವಿಚಾರಿಸಿದರು. ಇನ್ನೊಬ್ಬರು, ಮಾಸ್ತರರೇ, ಆ ಮುದಿದನಿಯ ನಡುಕವನ್ನು ಏನು ಚೆನ್ನಾಗಿ ಅಭಿನಯಿಸಿದಿರಿ ಎಂದರು. ಅವರ ಸೊಸೆ ನಮ್ಮ ಕಡೆ ನೋಡಿದರು. ನಾವು ಚಕ್ಕುಲಿಯ ತಟ್ಟೆಯ ಕಡೆ ನೋಡಿದೆವು. ಮಾಸ್ತರರು, “ಹೂಂ, ಭಾಳ ಪ್ರ್ಯಾಕ್ಟೀಸ್ ಬೇಕಾತು” ಎಂದರು.

ಹೊರಡುವಾಗ ಬಾಗಿಲವರೆಗೆ ಬಂದು ನಮ್ಮನ್ನು ತಡೆದರು. “ಎರಡನೇ ‘ಭೀಮಾ’ದಾಗ ಕಬ್ಬಣ ಒಂಚೂರು ಹೆಚ್ಚಾತು. ನನ್ನಕಿಂತಾ ಅದ ಹೆಚ್ಚ ನಡಗಾಕತ್ತದ. ನೋಡ್ರಿ ಸ್ವಲ್ಪ.”

ಮರಳುವ ಗಾಡಿಯಲ್ಲಿ ಕುಳಿತು ಕೇಳಿದರೆ ಅವರು ಹೇಳಿದ್ದು ಸರಿ. ರಾತ್ರಿ ಮನೆ ಸೇರಿದ ಮೇಲೆ ಪ್ಯಾಚನ್ನು ತೆರೆದು, ಆ ನಾಬನ್ನು ಸ್ವಲ್ಪ ಎಡಕ್ಕೆ, ನಡುಗೆರೆಯನ್ನು ದಾಟದಂತೆ, ತಿರುಗಿಸಿ ಮತ್ತೊಮ್ಮೆ ಅಚ್ಚೊತ್ತಿದೆವು.